ಹಸಿರಾಗದ ನರ

ಮಾರ್ಚ್ ೪, ಸೋಮವಾರ

ಕಾಗೆಕಾಲು ಗುಬ್ಬಿಕಾಲು ಅಕ್ಷರ. ತಪ್ಪುಗಳೂ ಇವೆ. ಯಾರೂ ಓದುವುದಿಲ್ಲ, ಆದರೂ ಕ್ಷಮೆ ಕೇಳಿಬಿಟ್ಟರೆ ಸಮಾಧಾನ.

ಇಸ್ತ್ರಿ ಅಂಗಡಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದೆ. ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದೆ. ಈಗ ಮೆಟ್ಟಿಲು ಹತ್ತಲಾರಳು. ಬೆನ್ನ ಮೇಲೆ ಹೊತ್ತೆ.

"ಭಾರನೇನೇ?"

"ನಿನ್ ಬಾಯಿ ಮಾತ್ರ."

ಪರೀಕ್ಷೆಗೆಂದು ಅಕ್ಕನ ತೊಡೆಯಿಂದ ಕಡಲೆಕಾಳಿನಷ್ಟು ಮಾಂಸ ತೆಗೆದರು. ಹೋಲಿಸಿ ನೋಡಲು ಆರೋಗ್ಯವಂತರದೂ ಒಂದು ಚೂರು ಬೇಕಂತೆ. ಲ್ಯಾಬ್ ಮೇಡಂ ನನ್ನತ್ತ ನೋಡಿದರು. ಸಂಕೋಚ... ಇಲ್ಲ ಎನ್ನಲಾಗಲಿಲ್ಲ. ಕೊಟ್ಟೆ.

"ಅವಳದು ಗಟ್ಟಿ ಮಾಂಸ ಮೇಡಂ, ನಿಮ್ ಕತ್ತರಿ ಜೋಪಾನ," ಎಂದಳು ಅಕ್ಕ.

ಮಾರ್ಚ್ ೧೩

ಹೊಲಿಗೆ ಬಿಚ್ಚಿಸಲು ಹೋದೆ. ಮೇಡಂ ಮೈಕ್ರೋಸ್ಕೋಪಿನಲ್ಲಿ ಅಕ್ಕನ ಚೂರು ತೋರಿಸಿದರು.

"ಮಾಂಸದೊಳಗೆ ರಕ್ತನಾಳ ಇರುತ್ತೆ, ನರ ಇರುತ್ತೆ. ಎರಡರಲ್ಲೂ ರಿಸೆಪ್ಟರ್ ಅನ್ನೋ ಪ್ರೋಟೀನ್ ಇರಬೇಕು ಕಣಮ್ಮ. ಮೈ ಕಳಿಸೋ ಸುದ್ದಿ ಹಿಡ್ಕೊಳ್ಳೋದು ಅದೇ. ಬಣ್ಣ ಹಾಕಿದ್ರೆ ಅದಿರೋ ಕಡೆ ಹಸಿರಾಗಿ ಹೊಳೆಯುತ್ತೆ."

ರಕ್ತನಾಳಗಳು ಪುಟ್ಟ ಹಸಿರು ಬಳೆಗಳ ಹಾಗೆ. ನರ ಇರುವ ಜಾಗದಲ್ಲಿ ಏನೂ ಇಲ್ಲ. ಕಪ್ಪು.

"ನಂದು?"

"ನಾಳೆ ಬಣ್ಣ ಹಾಕ್ತೀನಿ. ನಿಂದ್ರಲ್ಲಿ ನರವೂ ಹೊಳೀಬೇಕು. ಆಗ ಅಕ್ಕಂದು ಕಾಯಿಲೆ ಅಂತ ಖಾತ್ರಿ."

ನನ್ನದೂ ಹೊಳೆಯದಿದ್ದರೆ ಅಕ್ಕನದು ಕಾಯಿಲೆಯಲ್ಲ ಎಂದಾದೀತು; ಹೊಳೆಯದಿರಲಿ ಎಂದುಕೊಂಡೆ. ಎಂಥ ಪೆದ್ದಿ.

ಮಾರ್ಚ್ ೧೫

ಮೇಡಂ ಫೋನ್. ನನ್ನ ಚೂರಿನ ನರಕ್ಕೆ ಬಣ್ಣ ಸರಿಯಾಗಿ ಹಿಡಿದಿಲ್ಲವಂತೆ. ಮತ್ತೆ ಹಾಕುತ್ತಾರಂತೆ.

"ಬಣ್ಣಾನೂ ಡೂಪ್ಲಿಕೇಟ್ ಬರ್ತಿದೆ ಈಗ," ಎಂದಳು ಅಮ್ಮ. ಮೂವರೂ ನಕ್ಕೆವು.

ಮಾರ್ಚ್ ೨೫

ಮತ್ತೆ ಫೋನ್.

"ಬೇರೊಬ್ಬರ ಚೂರಿಗೂ ಅದೇ ಬಣ್ಣ ಹಾಕಿ ನೋಡಿದೆ. ಅವರ ನರ ಹೊಳೀತು."

ತೊಡೆಯ ಹೊಲಿಗೆ ಗುರುತನ್ನು ಬಟ್ಟೆಯ ಮೇಲಿಂದಲೇ ಸವರಿಕೊಂಡೆ.

"ಕೈಕಾಲು ಹೇಗಿದೆಯಮ್ಮಾ ನಿಂಗೆ?"

"ಚೆನ್ನಾಗಿದೆ ಮೇಡಂ."

"ಬುಧವಾರ ಬಾ. ಮನೆಯವರು ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬಾ."

ಯಾರನ್ನು? ಈ ಮನೆಯಲ್ಲಿ ಎಲ್ಲರನ್ನೂ ಕರೆದೊಯ್ಯುವವಳು ನಾನೇ.

"ಯಾರದೇ ಫೋನು?" ಅಡುಗೆಮನೆಯಿಂದ ಅಮ್ಮ.

"ಅಂಗಡಿಯವರದು."

ಮಾರ್ಚ್ ೨೭, ಬುಧವಾರ, ಬೆಳಿಗ್ಗೆ

ಅಕ್ಕನಿಗೆ ಜಡೆ ಹೆಣೆಯುತ್ತಿದ್ದೆ. ಅರ್ಧಕ್ಕೇ ತೋಳು ತಾನಾಗಿ ಕೆಳಗಿಳಿಯಿತು. ಎತ್ತಿದೆ. ಮತ್ತೆ ಇಳಿಯಿತು.

ಅಕ್ಕ ಕನ್ನಡಿಯಲ್ಲಿ ನೋಡುತ್ತಿದ್ದಳು. ಎಂದಿನಂತೆ ನಗಿಸಲಿಲ್ಲ.

"ಅಷ್ಟು ಸಾಕು ಬಿಡೇ," ಎಂದಳು, ಮೆಲ್ಲಗೆ.

ರಬ್ಬರ್ ಬ್ಯಾಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಗ್ಗಿಸಿ, ಜಡೆಯನ್ನು ಅಲ್ಲಿಗೇ ಕಟ್ಟಿದೆ.