ಬಲಗಾಲಿನ ಬೂಟು

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಒಂಬತ್ತು ಗಂಟೆ

ಪ್ರೀತಿಯ ಪುಟ್ಟಕ್ಕಾ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೋಯಿತು ಎಂದು ಸುಮ್ಮನೆ ಬರೆದುಬಿಡಬೇಡ. ಕಳೆದ ವಾರ ಹಾಸ್ಟೆಲಿನ ಫೋನಿನಲ್ಲಿ ನಮಗೆ ಸಿಕ್ಕಿದ್ದು ಐದೇ ನಿಮಿಷ, ಆ ಐದು ನಿಮಿಷದಲ್ಲಿ ನೀನು ಎರಡು ಸಲ ಫೋನಿಗೆ ಕೈ ಮುಚ್ಚಿ ಕೆಮ್ಮಿದ್ದು ನನಗೆ ಕೇಳಿಸಿದೆ. ನಿನ್ನ ಅಪ್ಪನ ಹೊಟ್ಟೆಪಾಡೇ ಕಿವಿಯದು, ನನ್ನ ಹತ್ತಿರ ನಿನ್ನ ಆಟ ನಡೆಯುವುದಿಲ್ಲ. ಬಿಸಿನೀರು ಕುಡಿ. ವಾರ್ಡನ್ ಅಮ್ಮನನ್ನು ಕೇಳಲು ಸಂಕೋಚ ಪಡಬೇಡ, ನೋಡಲು ಸಿಡುಕಿಯಾದರೂ ಒಳ್ಳೆಯ ಹೆಂಗಸು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಊರಿನವರ ಕಣ್ಣನ್ನೆಲ್ಲ ಸರಿಮಾಡಿ, ಮನೆಗೆ ಬಂದ ಮೇಲೆ ತನ್ನ ಕನ್ನಡಕ ಎಲ್ಲಿಟ್ಟೆ ಎಂದು ನನ್ನನ್ನು ಕೇಳುತ್ತಾಳೆ. ನಿನ್ನೆ ಅದು ಬ್ರೆಡ್ಡಿನ ಡಬ್ಬಿಯಲ್ಲಿ ಸಿಕ್ಕಿತು. ನಾನು ಎಂದಿನಂತೆ ಗುಂಡುಕಲ್ಲು.

ಮೊದಲು ಆ ಫಾರಮಿನ ವಿಷಯ. ಮುಂದಿನ ರಜೆ ಮುಗಿದ ಮೇಲೆ ನಿನ್ನನ್ನು ಇನ್ನೂ ಒಂದು ತರಗತಿ ಹಾರಿಸಿ ಮೇಲಕ್ಕೆ ಕೂರಿಸಬೇಕೆಂದು ನಿಮ್ಮ ದೊಡ್ಡ ಮೇಡಂ ಪತ್ರ ಬರೆದಿದ್ದಾರೆ. ಹತ್ತು ವರ್ಷದವಳು ಈಗಲೇ ಹದಿಮೂರರವರ ಜೊತೆ ಕೂತಿದ್ದೀಯ, ಇನ್ನು ಹದಿನಾಲ್ಕರವರ ಜೊತೆ. ಇಪ್ಪತ್ತನೇ ತಾರೀಕಿನೊಳಗೆ ತಂದೆ ಅಥವಾ ತಾಯಿ ಸಹಿ ಹಾಕಿ ಕಳಿಸಬೇಕಂತೆ. ಪತ್ರ ಬಂದ ದಿನ ನಾನೇನು ಮಾಡಿದೆ ಎಂದು ನಿನಗೆ ಗೊತ್ತೇ ಇರುತ್ತದೆ. ದರ್ಜಿಗೆ ಹೇಳಿದೆ, ಕ್ಷೌರದಂಗಡಿಯವನಿಗೆ ಹೇಳಿದೆ, ನಲ್ಲಿ ರಿಪೇರಿಗೆ ಬಂದವನನ್ನು ನಿಲ್ಲಿಸಿಕೊಂಡು ಹೇಳಿದೆ. ಪಾಪ, ಅವನು ಅರ್ಧ ಗಂಟೆ ಸ್ಪ್ಯಾನರ್ ಹಿಡಿದುಕೊಂಡು ನಿಂತಿದ್ದ. ಅಮ್ಮ ಮಾತ್ರ, ಮೊದಲು ಅವಳನ್ನೊಂದು ಮಾತು ಕೇಳೋಣ ಎಂದಳು. ಕೇಳುವುದೇನು, ಹಕ್ಕಿಗೆ ಹಾರುತ್ತೀಯಾ ಎಂದು ಯಾರಾದರೂ ಕೇಳುತ್ತಾರೆಯೇ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಫೋನಿನಲ್ಲಿ ನೀನೂ, ಸರಿ ಅಪ್ಪಾ, ನನಗೇನೂ ತೊಂದರೆಯಿಲ್ಲ ಎಂದೆ. ನನಗೆ ಅಷ್ಟೇ ಸಾಕಾಗಿತ್ತು. ಆ ಫಾರಮ್ ಈಗ ಈ ಮೇಜಿನ ಮೇಲೆಯೇ, ಉಪ್ಪಿನ ಡಬ್ಬಿಯ ಕೆಳಗೆ ಇದೆ. ಅದರ ಕಥೆ ಆಮೇಲೆ.

ಸ್ಟುಡಿಯೋದಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದ್ದೆಯಲ್ಲ. ಈಗ ನಡೆಯುತ್ತಿರುವುದು ಇನ್ನೊಂದು ಶಾಲೆಯ ಕಾರ್ಟೂನು. ಹದಿನೆಂಟು ವರ್ಷದಲ್ಲಿ ನಾನು ಹೆಜ್ಜೆ, ಮಳೆ, ಬಾಗಿಲು ಎಂದು ಸದ್ದು ಕೊಟ್ಟ ಆರನೇ ಶಾಲೆ ಇದು. ಆರು ಶಾಲೆಗೆ ಹೋಗಿಯೂ ಅಪ್ಪನಿಗೆ ಭಾಗಾಕಾರ ಬರುವುದಿಲ್ಲ ಎಂದು ನಗು, ಪರವಾಗಿಲ್ಲ. ಈ ಕಥೆಗಳಲ್ಲಿ ಒಂದು ಅತಿ ಜಾಣ ಮಗು ಇದ್ದೇ ಇರುತ್ತದೆ, ಅದಕ್ಕೆ ಗೆಳೆಯರು ಇರುವುದೇ ಇಲ್ಲ. ಎಲ್ಲರೂ ಗುಂಪು ಕಟ್ಟಿಕೊಂಡು ಊಟ ಮಾಡುವಾಗ ಅದೊಂದೇ ಕಿಟಕಿಯ ಪಕ್ಕ ಕೂರುತ್ತದೆ. ಕೂತ ತಕ್ಷಣ ಹೊರಗೆ ಮಳೆ ಶುರು, ಪಿಟೀಲು ಶುರು, ಕಣ್ಣೀರು ಕೆನ್ನೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ಆ ಮಳೆ ಸುರಿಸುವವನು ನಾನೇ. ಅಗಲವಾದ ತಟ್ಟೆಯಲ್ಲಿ ಒಣಕಾಳು ಉರುಳಿಸಿದರೆ ಮೈಕಿಗೆ ಅದು ಮಳೆ. ಈ ಜಾಣ ಮಕ್ಕಳಿಗಾಗಿ ನಾನು ಇದುವರೆಗೆ ಉರುಳಿಸಿದ ಕಾಳಿನಲ್ಲಿ ನಿಮ್ಮ ಹಾಸ್ಟೆಲಿಗೆಲ್ಲ ಒಂದು ವಾರ ಊಟ ಹಾಕಬಹುದಿತ್ತು. ಎರಡನೇ ಶಾಲೆಯಲ್ಲಿ ಒಬ್ಬ ಹುಡುಗ ತನ್ನ ಹುಟ್ಟಿದ ದಿನಕ್ಕೆ ತಾನೇ ಒಂದು ತಗಡಿನ ನಾಯಿ ಮಾಡಿಕೊಂಡು, ಅದಕ್ಕೆ ತನ್ನ ಹೆಸರು ಹಿಡಿದು ಕರೆಯುವುದನ್ನು ಕಲಿಸುತ್ತಾನೆ. ಆ ನಾಯಿಯ ಬಾಲದ ಸದ್ದು ನಮ್ಮ ಮನೆಯ ಚಮಚದ್ದು. ನಾಲ್ಕನೆಯದರಲ್ಲಿ ಒಬ್ಬ ಹುಡುಗಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದನ್ನೇ ಬಿಡುತ್ತಾಳೆ. ಅರ್ಧ ಎತ್ತಿದ ಕೈ ಇಳಿಯುವಾಗ ತೋಳಿನ ಬಟ್ಟೆ ಸರ್ರನೆ ಸದ್ದು ಮಾಡುತ್ತದಲ್ಲ, ಅದು ನನ್ನ ಹಳೆಯ ಕೋಟು. ಚೆನ್ನಾಗಿ ಬಂತು ಎಂದು ಎಲ್ಲರೂ ಬೆನ್ನು ತಟ್ಟಿದರು, ನಾನು ಕೋಟು ಮಡಚಿ ಮನೆಗೆ ಬಂದು ಊಟ ಮಾಡಿ ಮಲಗಿದೆ. ಆಗ ನನಗೆ ಏನೂ ಅನ್ನಿಸಲಿಲ್ಲ ಎನ್ನುವುದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ.

ಈ ಆರನೇ ಶಾಲೆಯ ಹುಡುಗಿಗೆ ಒಂಬತ್ತು ವರ್ಷ. ದೊಡ್ಡವರ ತರಗತಿಯಲ್ಲಿ ಕೂತಿದ್ದಾಳೆ, ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಅವಳ ಹೆಜ್ಜೆಗೆ ಸಣ್ಣ ಬೂಟು ಬೇಕಾಗಿತ್ತು. ನನ್ನ ಕಪಾಟಿನಲ್ಲಿ ಅರವತ್ತು ಜೊತೆ ಚಪ್ಪಲಿ ಬೂಟು ಇವೆ, ಮಕ್ಕಳದು ಒಂದೂ ಇಲ್ಲ. ಹೋದ ರಜೆಯಲ್ಲಿ ನಿನಗೆ ಬಿಗಿಯಾಯಿತೆಂದು ಬಿಟ್ಟುಹೋದ ಕಪ್ಪು ಬೂಟು ನೆನಪಾಗಿ ಅದನ್ನೇ ಚೀಲಕ್ಕೆ ಹಾಕಿಕೊಂಡು ಹೋದೆ. ನಿನ್ನನ್ನು ಕೇಳದೆ ತೆಗೆದುಕೊಂಡೆ, ಕೋಪ ಬೇಡ. ಕಾಲಿಗೆ ಹಿಡಿಸುವುದಿಲ್ಲವಲ್ಲ, ಎರಡು ಕೈಗೂ ಒಂದೊಂದು ಬೂಟು ತೊಟ್ಟು, ಮಂಡಿಯೂರಿ ಕೂತು, ಎದುರಿಗೆ ಪರದೆ ನೋಡುತ್ತಾ ಹಲಗೆಯ ಮೇಲೆ ನಡೆಸುವುದು. ಐವತ್ತು ದಾಟಿದ ಗಂಡಸು ಹಾಗೆ ನಾಲ್ಕು ಕಾಲಿನಲ್ಲಿ ಓಡಾಡುವುದನ್ನು ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಮಂಗಳವಾರ ನಮಗೆ ಸಿಕ್ಕಿದ್ದು ಆ ಹುಡುಗಿಯ ದುಃಖದ ದೃಶ್ಯ. ಊಟದ ಬಿಡುವು, ಉದ್ದನೆಯ ವರಾಂಡ, ಎರಡೂ ಕಡೆ ಗುಂಪು ಗುಂಪಾಗಿ ಮಕ್ಕಳು, ನಡುವೆ ಇವಳು ಪುಸ್ತಕ ಅವುಚಿಕೊಂಡು ಒಬ್ಬಳೇ ನಡೆಯುತ್ತಾಳೆ. ಇಂಥದ್ದು ನನಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡು ನಿರ್ದೇಶಕಿಗೆ ಹೇಳಿದೆ, ದುಃಖದಲ್ಲಿರುವ ಮಗು ಕಾಲೆಳೆದುಕೊಂಡು ನಡೆಯುತ್ತದೆ, ನೋಡುತ್ತಿರಿ ಎಂದು. ಅವಳೂ ತಲೆಯಾಡಿಸಿದಳು. ಬೂಟಿನ ತುದಿ ಎಳೆದು ಎಳೆದು ಎಷ್ಟು ಚೆಂದದ ದುಃಖ ಮಾಡಿದೆ ಗೊತ್ತಾ! ಆದರೆ ಚಿತ್ರಕ್ಕೂ ಸದ್ದಿಗೂ ತಾಳೆಯೇ ಆಗಲೊಲ್ಲದು. ಪರದೆಯ ಮೇಲೆ ಆ ಹುಡುಗಿ ಸರಸರನೆ ನಡೆಯುತ್ತಿದ್ದಾಳೆ, ಬಸ್ಸು ಹೊರಟುಹೋಗುತ್ತದೆ ಎನ್ನುವವರ ಹಾಗೆ. ನಾಲ್ಕು ಸಲ ಪ್ರಯತ್ನಿಸಿದೆ, ಆಮೇಲೆ ನನ್ನ ಪಿತ್ತ ನೆತ್ತಿಗೇರಿತು. ಆ ನಡಿಗೆಯ ಚಿತ್ರ ಬರೆದವಳನ್ನು ಕರೆಸಿ ಎಂದೆ. ಅವಳನ್ನು ನಾವೆಲ್ಲ ಪೆನ್ಸಿಲ್ ಎನ್ನುತ್ತೇವೆ, ಹಾಗೇ ಕಡ್ಡಿಯಂತಿದ್ದಾಳೆ, ವಾರಕ್ಕೆ ಎರಡು ಮಾತಾಡಿದರೆ ಹೆಚ್ಚು. ಬಂದು ಬಾಗಿಲಲ್ಲಿ ನಿಂತಳು. ಏನಮ್ಮಾ, ಅಳಬೇಕಾದ ಹುಡುಗಿಯನ್ನು ಓಟದ ಪಂದ್ಯಕ್ಕೆ ಬಿಟ್ಟಿದ್ದೀಯಲ್ಲ, ಇದನ್ನು ತಿದ್ದು ಎಂದು ಎಲ್ಲರ ಎದುರಿಗೇ ರೇಗಿದೆ. ಅವಳು ಪರದೆ ನೋಡುತ್ತಲೇ ಹೇಳಿದಳು:

“ಮೆಲ್ಲಗೆ ನಡೆದ್ರೆ ಯಾರಾದ್ರೂ ನಿಲ್ಲಿಸಿ ಕೇಳ್ತಾರೆ ಸರ್, ಯಾಕಮ್ಮ ಒಬ್ಳೇ ಇದೀಯ ಅಂತ. ಬೇಗ ಬೇಗ ನಡೆದ್ರೆ ಏನೋ ಕೆಲ್ಸ ಇದೆ ಅಂದ್ಕೊಂಡು ದಾರಿ ಬಿಡ್ತಾರೆ. ನಾನು ಐದು ವರ್ಷ ಹಾಗೇ ನಡೆದೆ.”

ಅಷ್ಟು ಹೇಳಿ ತನ್ನ ಜಾಗಕ್ಕೆ ಹೋದಳು. ನಾನು ಪೆಚ್ಚಾಗಿ ಮಂಡಿಯ ಮೇಲೆ ಕೂತಿದ್ದೆ. ಯಾರ ಮುಖವನ್ನೂ ನೋಡಲಾರದೆ ಕೈಯಲ್ಲಿದ್ದ ನಿನ್ನ ಬೂಟು ತಿರುಗಿಸಿ ನೋಡಿದೆ. ಎಡಗಾಲಿನದರ ಅಟ್ಟೆ ಚೆನ್ನಾಗಿಯೇ ಇದೆ. ಬಲಗಾಲಿನದರಲ್ಲಿ ಮಾತ್ರ ಹೆಬ್ಬೆರಳಿನ ಕೆಳಗೆ ಒಂದು ನಾಣ್ಯದಗಲ ಗುಂಡಗೆ ಸವೆದಿದೆ. ರಜೆಯಲ್ಲೇ ಅದನ್ನು ನೋಡಿದ್ದೆ ಪುಟ್ಟಕ್ಕಾ. ನೋಡಿ ಅಮ್ಮನಿಗೆ ತೋರಿಸಿ, ನೋಡು, ಗೆಳತಿಯರ ಜೊತೆ ಒಂಟಿಕಾಲಲ್ಲಿ ಕುಣಿದು ಕುಣಿದು ಹೇಗೆ ಸವೆಸಿದ್ದಾಳೆ ಎಂದು ಜಂಬ ಕೊಚ್ಚಿದ್ದೆ. ಹದಿನೆಂಟು ವರ್ಷ ಬೂಟುಗಳ ಜೊತೆ ಬಾಳಿದವನು ನಾನು. ಕುಣಿದರೆ ಅಟ್ಟೆ ಹಾಗೆ ಸವೆಯುವುದಿಲ್ಲ. ಒಂದೇ ಕಾಲಿನ ಮೇಲೆ ಗಕ್ಕನೆ ಹಿಂದಕ್ಕೆ ತಿರುಗಿದರೆ, ದಿನಾ ಹತ್ತು ಹಲವು ಸಲ ತಿರುಗಿದರೆ, ಹಾಗೆ ಸವೆಯುತ್ತದೆ. ಬೇರೆ ಯಾರದೇ ಬೂಟಾಗಿದ್ದರೂ ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಆಗ ನನಗೆ ನಿಮ್ಮ ಶಾಲೆ ನೆನಪಾಯಿತು. ಪರೀಕ್ಷೆ ಮುಗಿದ ವಾರ ನಿನ್ನ ಅಂಕಪಟ್ಟಿ ತೆಗೆದುಕೊಳ್ಳಲು ಬಂದಿದ್ದೆನಲ್ಲ, ದೊಡ್ಡ ಮೇಡಂ ಕೋಣೆಯಲ್ಲಿ ಕೂತಿದ್ದೆ. ಊಟದ ಬಿಡುವು. ಕಿಟಕಿಯಾಚೆ ವರಾಂಡದಲ್ಲಿ ನೀನು ಪುಸ್ತಕ ಹಿಡಿದುಕೊಂಡು ಟಪಟಪ ನಡೆದು ಹೋದೆ. ಕೊನೆಯಲ್ಲಿ ಕಿರ್ರ್ ಎಂದು ತಿರುಗಿ ಟಪಟಪ ವಾಪಸು ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ನಾನೇನು ಹೇಳಿದೆ ಗೊತ್ತಾ? ನೋಡಿ ಮೇಡಂ, ನನ್ನ ಮಗಳು ಒಂದು ಗಳಿಗೆ ಸುಮ್ಮನಿರುವವಳಲ್ಲ, ಅವಳಿಗೆ ಎಷ್ಟು ಕೆಲಸವೋ ಎಂದೆ. ಅವರೂ ನಕ್ಕರು. ಆ ಹೆಜ್ಜೆಯ ಸದ್ದು ನನಗೆ ಎಷ್ಟು ಹಿಡಿಸಿತ್ತೆಂದರೆ, ವಾಪಸು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಬೆರಳಿನಿಂದ ಬಡಿಯುತ್ತಾ ಬಂದೆ. ನಿನ್ನ ಪತ್ರಗಳಲ್ಲೂ ಅದೇ ಇರುತ್ತದೆ, ತುಂಬಾ ಕೆಲಸ ಇದೆ ಅಪ್ಪಾ, ಬಿಡುವೇ ಇಲ್ಲ ಅಪ್ಪಾ. ಓದಿ ಓದಿ ಹಿಗ್ಗಿದ ಬೆಪ್ಪು ನಾನು. ಸ್ಟುಡಿಯೋದಲ್ಲಿ ಆ ಬೂಟನ್ನು ಹಲಗೆಯ ಮೇಲೆ ಕಳಚಿಟ್ಟೆ. ಮಂಡಿ ನೋಯುತ್ತಿದೆ ಎಂದು ಸುಳ್ಳು ಹೇಳಿ ಹೊರಗೆ ಹೋಗಿ ನೀರು ಕುಡಿದು ಬಂದೆ.

ಬಂದವನು ಮತ್ತೆ ಕೈಗೆ ಬೂಟು ತೊಟ್ಟೆ. ಈಗ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಟಪಟಪ, ಚುರುಕಾಗಿ, ಒಂದು ಹೆಜ್ಜೆಯೂ ತಡವರಿಸದೆ. ವರಾಂಡದ ಕೊನೆಗೆ ಬಂದಾಗ ಬಲಗಾಲಿನ ಬೂಟು ಒತ್ತಿ ತಿರುಗಿಸಿದೆ, ಅದೇ ಕಿರ್ರ್. ಮತ್ತೆ ಟಪಟಪ. ಒಂದೇ ಸಲಕ್ಕೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಈ ಸಲ ಯಾರೂ ಬೆನ್ನು ತಟ್ಟಲಿಲ್ಲ. ನಿರ್ದೇಶಕಿ ಮಳೆ ಬೇಡ ಎಂದಳು, ಪಿಟೀಲೂ ಬೇಡ ಎಂದಳು. ಪಿಟೀಲಿನವರು ಮುಖ ಊದಿಸಿಕೊಂಡು ಮನೆಗೆ ಹೋದರು. ಈ ಹದಿನೆಂಟು ವರ್ಷದಲ್ಲಿ ನಾನು ಮಾಡಿದ್ದರಲ್ಲೆಲ್ಲ ಅದೇ ಅತ್ಯುತ್ತಮ ಕೆಲಸ. ಇದು ಜಂಬವಲ್ಲ, ಬೇಕಾದರೆ ಯಾರನ್ನಾದರೂ ಕೇಳು. ಆಮೇಲೆ ಪೆನ್ಸಿಲ್ಲಿನ ಮೇಜಿಗೆ ಹೋಗಿ, ತಪ್ಪಾಯಿತಮ್ಮಾ ಎಂದೆ. ಅವಳು ತಲೆಯೆತ್ತದೆ, ಇನ್ನೊಂದು ಕಂತಿನಲ್ಲಿ ಈ ಹುಡುಗಿಯ ಪಕ್ಕ ಯಾರೋ ಬಂದು ಕೂರುತ್ತಾರೆ ಸರ್, ಚಿತ್ರ ಆಗಲೇ ಬರೆದಿಟ್ಟಿದ್ದೇನೆ ಎಂದಳು. ಅವತ್ತು ಅದು ಅವಳ ನಾಲ್ಕನೆಯ ಮಾತೋ ಐದನೆಯದೋ ಇರಬೇಕು, ನನಗೆ ತುಂಬಾ ಸಮಾಧಾನವಾಯಿತು.

ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಬೂಟು ತಿರುಗಿಸಿ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ನಾನು ಅವತ್ತೇ ಹೇಳಲಿಲ್ಲವಾ ಎನ್ನಲು ಅವಳಿಗೆ ಪೂರ್ತಿ ಹಕ್ಕಿತ್ತು, ಆದರೂ ಅನ್ನಲಿಲ್ಲ. ಆ ಬೂಟಿಗೆ ಪಾಲಿಶ್ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದಾಳೆ.

ಇನ್ನು ಕೈ ನೋಯುತ್ತಿದೆ. ವಾರ್ಡನ್ ಅಮ್ಮನಿಗೆ, ನಿಮ್ಮ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕೆಮ್ಮು ತೊಲಗಲಿ, ಹೊಟ್ಟೆ ತುಂಬ ಊಟ ಸೇರಲಿ, ಕಣ್ಣು ತುಂಬ ನಿದ್ದೆ ಬರಲಿ. ಅಮ್ಮ ಪಕ್ಕದಲ್ಲಿ ನಿಂತು, ನನ್ನದೂ ಒಂದು ಮುತ್ತು ಬರೆಯಿರಿ ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ಇಂತಿ,
ನಿನ್ನ ಸದ್ದಪ್ಪ

ಮರೆತ ಮಾತು: ಅಂಚೆ ಡಬ್ಬಿಗೆ ಹಾಕಲು ಅಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಫಾರಮ್ ಇದರ ಜೊತೆಗೇ ಇಟ್ಟಿದ್ದೇನೆ, ಸಹಿ ಹಾಕಿಲ್ಲ. ನಿನಗೆ ಬೇಕಾದದ್ದನ್ನು ಅದರ ಹಿಂದೆ ನೀನೇ ಬರೆ. ಮೇಲಿನ ತರಗತಿಯೋ, ಈಗಿರುವುದೋ, ನಿನ್ನ ವಯಸ್ಸಿನವರ ಜೊತೆಯೋ, ಮನೆಯ ಪಕ್ಕದ ಶಾಲೆಯೋ, ಯಾವುದಾದರೂ ಸರಿ, ಅದರ ಕೆಳಗೆ ನಾನು ಬಂದು ಸಹಿ ಹಾಕುತ್ತೇನೆ. ಅಪ್ಪನ ಮುಖ ನೋಡಿ ಬರೆಯಬೇಡ. ದರ್ಜಿಗೂ ನಲ್ಲಿಯವನಿಗೂ ಹೇಳಿಕೊಳ್ಳುವುದು ನನ್ನ ಪಾಡು. ಶನಿವಾರ, ಹದಿನೇಳಕ್ಕೆ, ಊಟದ ಬಿಡುವಿಗೆ ಸರಿಯಾಗಿ ನಾನು ನಿಮ್ಮ ಗೇಟಿನ ಹತ್ತಿರ ಇರುತ್ತೇನೆ. ಪುಸ್ತಕ ತರಬೇಡ. ವರಾಂಡದ ಕೊನೆಯಲ್ಲಿ ತಿರುಗಬೇಡ, ನೇರ ಗೇಟಿಗೆ ಬಾ. ಬೇಗ ಬೇಗ ಬೇಡ ಪುಟ್ಟಕ್ಕಾ, ಮೆಲ್ಲಗೆ ನಡೆದು ಬಾ. ಯಾರಾದರೂ ನಿಲ್ಲಿಸಿ ಕೇಳಿದರೆ, ನಮ್ಮಪ್ಪ ಬಂದಿದ್ದಾರೆ ಎಂದು ಹೇಳು.