ಮೂರು ಹನ್ನೆರಡರ ಉತ್ತರ

ಮನೆಯಿಂದ,
ಮಂಗಳವಾರ, ಹದಿನಾಲ್ಕನೆಯ ತಾರೀಖು, ಬೆಳಿಗ್ಗೆ

ಫೋನು ಆರಿಸಿಟ್ಟು ಕುಳಿತಿರುವ ನನ್ನ ಯಜಮಾನರಿಗೆ,

ಹೇಗಿದ್ದೀರಿ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರಾ? ಬೆನ್ನುನೋವಿನ ಮುಲಾಮು ಮರೆತು ಹೋಗಿದ್ದೀರಿ, ಇದರ ಜೊತೆಗೇ ಕಳಿಸಿದ್ದೇನೆ. ನಿಮ್ಮಕ್ಕನಿಗೆ ಫೋನು ಮಾಡಿದರೆ, "ಬಡಿಸಿದ್ದು ತಿಂತಾನೆ, ಕೇಳಿದ್ದಕ್ಕೆ ಹೂಂ ಅಂತಾನೆ, ನಿನ್ನ ಹೆಸರೆತ್ತಿದ್ರೆ ಎದ್ದು ಹಿತ್ತಿಲಿಗೆ ಹೋಗ್ತಾನೆ" ಅನ್ನುತ್ತಾರೆ. ಹನ್ನೊಂದು ವರ್ಷ ನನ್ನ ಬಾಯಿಯನ್ನು ಸಹಿಸಿಕೊಂಡವರಿಗೆ ಈಗ ನನ್ನ ಹೆಸರೂ ಬೇಡವಾಯಿತೆ? ಇರಲಿ. ಒಂದು ಗಂಟೆಯ ಬಸ್ಸಿನ ಡ್ರೈವರು ಸಂಜೆಯೊಳಗೆ ಈ ಪತ್ರ ಮುಟ್ಟಿಸುತ್ತೇನೆ ಎಂದಿದ್ದಾರೆ. ನಿಮ್ಮಕ್ಕ ಎದುರಿಗೆ ನಿಂತು ಓದಿಸುತ್ತಾರೆ, ಅವರಿಂದ ತಪ್ಪಿಸಿಕೊಳ್ಳುವುದು ನಿಮ್ಮ ಕೈಲಾಗುವುದಿಲ್ಲ.

ನಾನು ಚೆನ್ನಾಗಿದ್ದೇನೆ ಎಂದು ಸುಳ್ಳು ಬರೆಯುವುದಿಲ್ಲ. ನಾಡಿದ್ದು ಗುರುವಾರ ಹನ್ನೊಂದಕ್ಕೆ ಗೋದಾಮಿನ ಬೆಂಕಿಯ ವಿಚಾರಣೆ. ನೀವು ಬಂದರೂ ಬಾರದಿದ್ದರೂ ಅವತ್ತೇ ತೀರ್ಮಾನವಂತೆ. "ಕರೆ ಬಂದರೂ ನಾನು ಉತ್ತರ ಕೊಡಲಿಲ್ಲ, ತಪ್ಪು ನನ್ನದೇ" ಎಂದು ಬರೆದು, ಸಹಿ ಹಾಕಿ, ನನ್ನ ಹೊಲಿಗೆ ಯಂತ್ರದ ಮೇಲಿಟ್ಟು, "ಇದನ್ನ ಸಾಹೇಬ್ರಿಗೆ ಕೊಟ್ಬಿಡು" ಅಂತ ಹೇಳಿ ಹೊರಟುಬಿಟ್ಟಿರಲ್ಲ, ಆ ಕಾಗದವನ್ನು ದಿನಕ್ಕೆ ಹತ್ತು ಸಲ ಬಿಚ್ಚಿ ಓದುತ್ತೇನೆ, ಮತ್ತೆ ಮಡಚಿಡುತ್ತೇನೆ. ಕೊಡಲು ಕಾಲು ಏಳುವುದಿಲ್ಲ. ಕೊಡದಿದ್ದರೆ ನಿಮ್ಮ ಮಾತು ಮೀರಿದ ಹಾಗೆ. ನಾನೇನು ಮಾಡಲಿ, ನೀವೇ ಹೇಳಿ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ, ನಿಮ್ಮ ಅಗ್ನಿಶಾಮಕ ಠಾಣೆಯ ಎಂಜಿನ್ ತಂಡದ ಮೀಸೆಯವರನ್ನು ನೋಡಲು. ಎರಡು ಕೈಗೂ ಮೊಣಕೈವರೆಗೆ ಬ್ಯಾಂಡೇಜು, ಆ ದೊಡ್ಡ ಮೀಸೆ ಅರ್ಧ ಸುಟ್ಟುಹೋಗಿದೆ. ಕುರ್ಚಿಯ ತುದಿಯಲ್ಲಿ ಕೂತೆ, ಮುಖ ಎತ್ತಿ ನೋಡಲಾಗಲಿಲ್ಲ. ಅವತ್ತು ಮಧ್ಯಾಹ್ನ ಮೂರರ ಸುಮಾರಿಗೆ ಉರಿಯುತ್ತಿದ್ದ ಗೋದಾಮಿನ ಒಳಗಿನಿಂದ, ನೀರಿನ ಟ್ಯಾಂಕರ್ ಕಳಿಸಿ ಅಂತ ವಾಕಿಟಾಕಿಯಲ್ಲಿ ಮೂರು ಸಲ ಕೂಗಿದರಂತೆ. ನೀವು ಕೂತಿದ್ದ ಕಂಟ್ರೋಲ್ ರೂಮಿನಿಂದ ಒಂದು ಸೊಲ್ಲಿಲ್ಲ. ಟ್ಯಾಂಕರಿನವರಿಗೂ ಏನೂ ಕೇಳಿಸಲಿಲ್ಲವಂತೆ, ಅದು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಬೈದುಬಿಡಲಿ ಎಂದು ಕಾಯುತ್ತಿದ್ದೆ. ಅವರು ಅಂದದ್ದು ಇಷ್ಟೇ: "ನಿಮ್ಮೋರು ಉತ್ತರ ಕೊಡದೆ ಇರೋ ಮನುಷ್ಯ ಅಲ್ಲಮ್ಮ. ಏನೋ ಆಗಿದೆ." ಅವರಿಗಿರುವ ನಂಬಿಕೆ ನಿಮಗೆ ನಿಮ್ಮ ಮೇಲೇ ಇಲ್ಲ.

ಅಲ್ಲಿಂದ ಬಂದವಳೇ ನೀವು ಮುಟ್ಟಬೇಡ ಎಂದಿದ್ದ ಕಂಪ್ಯೂಟರಿನ ಮುಂದೆ ಕೂತೆ. ಠಾಣೆಯ ರೆಕಾರ್ಡರ್ ಕೆಟ್ಟು ಎರಡು ತಿಂಗಳಾಯಿತು, ಯಾರೂ ರಿಪೇರಿ ಮಾಡಿಸುವುದಿಲ್ಲ ಎಂದು ಸಾಹೇಬರ ಒಪ್ಪಿಗೆ ಪಡೆದು ಮನೆಯಲ್ಲಿ ನಾಲ್ಕು ರಿಸೀವರ್ ಜೋಡಿಸಿದಿರಿ. ಬೆರಳುದ್ದದ ನಾಲ್ಕು ಕರಿ ಕಡ್ಡಿಗಳು. ಇವೇನು ರೇಡಿಯೊನೋ ಎಂದು ನಾನು ನಕ್ಕಾಗ, "ರೇಡಿಯೊ ಇರೋದು ಕಂಪ್ಯೂಟರಿನ ಒಳಗೆ ಕಣೇ, ಇವು ಬರೀ ಕಿವಿ" ಅಂದಿರಿ. ಒಂದು ಕಿವಿ ಎಂಜಿನ್ನಿನವರ ಮಾತಿಗೆ, ಒಂದು ಕಂಟ್ರೋಲಿನಲ್ಲಿ ಕೂತ ನಿಮ್ಮ ಮಾತಿಗೆ, ಒಂದು ಆಂಬುಲೆನ್ಸಿಗೆ, ಒಂದು ಪಕ್ಕದ ಠಾಣೆಗೆ. ಬೆಂಕಿಯ ಮಾರನೆಯ ದಿನ ಅವು ರೆಕಾರ್ಡ್ ಮಾಡಿಟ್ಟದ್ದನ್ನು ನೀವು ಹಾಕಿ ಕೇಳಿದ್ದು ನನಗೆ ಗೊತ್ತು, ನಾನು ಬಾಗಿಲಲ್ಲೇ ನಿಂತಿದ್ದೆ. ಎಂಜಿನ್ನಿನ ಕಡತದಲ್ಲಿ ಮೀಸೆಯವರ ಕೂಗು ಸ್ಪಷ್ಟವಾಗಿತ್ತು. ನಿಮ್ಮ ಕಡತದಲ್ಲಿ ಅದೇ ಹೊತ್ತಿಗೆ ಬರೀ ಸುಯ್ ಎನ್ನುವ ಸದ್ದು. ಎರಡು ನಿಮಿಷ ಕೇಳಿ ಎದ್ದಿರಿ. "ಉತ್ತರ ಕೊಟ್ಟೆ ಅನ್ಕೊಂಡಿದ್ದೆ. ಎರಡು ದಿನ ನಿದ್ದೆ ಇರಲಿಲ್ಲ, ತೂಕಡಿಸಿರಬೇಕು" ಅಂದಿರಿ. ಅದಾದ ಮೇಲೇ ಆ ಕಾಗದ ಬರೆಯಲು ಕೂತಿರಿ.

ನಾನು ಎರಡು ನಿಮಿಷಕ್ಕೆ ಏಳಲಿಲ್ಲ. ಆ ಇಡೀ ದಿನದ್ದು ಓಡಿಸಿ ಓಡಿಸಿ ಕೇಳಿದೆ, ಒಂದು ಕಡೆ ಕಾಜ ಹಾಕುತ್ತಾ. ಬೆಳಿಗ್ಗೆಯದೂ ಸುಯ್, ಸಂಜೆಯದೂ ಸುಯ್. ದಿನಾ ಒಂದು ಗಂಟೆಗೆ ನೀವು ಮಾಡುವ ಪರೀಕ್ಷೆಯ ಕರೆಯೂ ಇಲ್ಲ. ಮೂರರವರೆಗೆ ಎಣಿಸಿದರೆ ಊಟಕ್ಕೆ ಹೊರಟಿರಿ ಎಂದು ನಾನು ತಟ್ಟೆ ಹಾಕುವುದು, ನಾಲ್ಕರವರೆಗೆ ಎಣಿಸಿದರೆ ತಡ ಎಂದು ಹೊಲಿಯಲು ಕೂರುವುದು, ನಮ್ಮಿಬ್ಬರ ಆ ಕಳ್ಳ ಸುದ್ದಿಯೂ ಇಲ್ಲ. ಅವತ್ತು ಅದು ಕೇಳಿಸದಿದ್ದಾಗ ನನ್ನ ಹೊಲಿಗೆ ಯಂತ್ರದ ಸದ್ದಿನಲ್ಲಿ ಮುಳುಗಿತು ಅಂದುಕೊಂಡಿದ್ದೆ. ಒಬ್ಬ ಮನುಷ್ಯ ಮೂರು ಗಂಟೆಗೆ ತೂಕಡಿಸಬಹುದು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಒಂದು ಮಾತೂ ಆಡದೆ ಯಾವ ಕಂಟ್ರೋಲಿನವನು ಕೂತಿರುತ್ತಾನೆ? ಮೂಗರಾಗಿದ್ದು ನೀವಲ್ಲ, ಕಿವುಡಾಗಿದ್ದು ಆ ರಿಸೀವರು.

ಯಾಕೆ ಎಂದು ಯೋಚಿಸಿದಾಗ ನಾನೇ ಮಾಡಿದ್ದೊಂದು ನೆನಪಾಯಿತು. ಬೆಂಕಿಗೆ ಎರಡು ದಿನ ಮೊದಲು ಮೇಜಿನ ಧೂಳು ಒರೆಸುವಾಗ ಕಂಪ್ಯೂಟರಿನ ತೂತುಗಳಿಂದ ಎರಡು ಕಡ್ಡಿ ಕಿತ್ತಿದ್ದೆ, ಮತ್ತೆ ಚುಚ್ಚಿದ್ದೆ. ಎರಡೂ ಒಂದೇ ಥರ, ಯಾವುದು ಯಾವ ತೂತಿಗೆ ಎಂದು ಯಾರು ನೋಡಿದರು? ನಾಲ್ಕಕ್ಕೂ ಕಾರ್ಖಾನೆಯವರು ಒಂದೇ ನಂಬರು ಕೊಟ್ಟಿದ್ದಾರೆ, ಕಂಪ್ಯೂಟರಿಗೆ ಕಡ್ಡಿ ಕೂತ ತೂತು ಬಿಟ್ಟರೆ ಬೇರೆ ಗುರುತಿಲ್ಲ, ಭಾನುವಾರ ಕೂತು ಒಂದೊಂದಕ್ಕೂ ಬೇರೆ ನಂಬರು ಬರೆಯಬೇಕು ಎಂದು ನೀವೇ ಹೇಳುತ್ತಿದ್ದಿರಿ. ನಿಮ್ಮ ಭಾನುವಾರ ಬರಲೇ ಇಲ್ಲ. ಒಂದೊಂದು ಕಡ್ಡಿಗೂ ಒಂದೊಂದು ಓರೆಯಂತೆ, ಒಂದು ಸ್ವಲ್ಪ ಮೇಲೆ ಕೇಳುತ್ತದೆ, ಇನ್ನೊಂದು ಸ್ವಲ್ಪ ಕೆಳಗೆ, ಅದನ್ನು ಅಳೆದು ತೂತು ತೂತಿಗೂ ಲೆಕ್ಕ ಹಾಕಿಟ್ಟಿದ್ದಿರಿ. ನನಗಿದು ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಎರಡು ಟೇಪುಗಳಲ್ಲಿ ಒಂದು ಎಳೆದು ಎಳೆದು ಅರ್ಧ ಇಂಚು ಉದ್ದವಾಗಿದೆ, ಅದರ ಅಳತೆಯನ್ನು ಇದರಲ್ಲಿ ಕತ್ತರಿಸಿದರೆ ರವಿಕೆ ಮೈಗೆ ಕೂರುವುದಿಲ್ಲ. ನಾನು ನಿಮ್ಮ ಟೇಪು ಅದಲುಬದಲು ಮಾಡಿಬಿಟ್ಟೆ. ನಿಮ್ಮ ಮಾತಿನ ಪಕ್ಕದಲ್ಲೆಲ್ಲೋ ಅದು ಕಿವಿಗೊಟ್ಟು ಕೂತಿತ್ತು. ಆಂಬುಲೆನ್ಸಿನ ಕಡತ ಹಾಕಿ ನೋಡಿದರೆ ಅಲ್ಲೂ ಅದೇ ಸುಯ್. ಮಾಡಿದ್ದು ನಾನು, ತಲೆ ತಗ್ಗಿಸಿ ಹೋದದ್ದು ನೀವು.

ಈಗ ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ ಜಾಗ ಸರಿ ಮಾಡಿದ್ದೇನೆ. ಆದರೆ ಆ ದಿನದ್ದು? "ಇದು ಬರೀ ಮಾತನ್ನ ಹಿಡಿಯಲ್ಲ, ಅಕ್ಕಪಕ್ಕದ ಗಾಳೀನೂ ಸೇರಿಸಿ ತುಂಬಿಟ್ಕೊಳ್ಳುತ್ತೆ, ಆಮೇಲೂ ರೇಡಿಯೊ ಮುಳ್ಳು ತಿರುಗಿಸಬಹುದು" ಎಂದು ಒಮ್ಮೆ ಜಂಬ ಕೊಚ್ಚಿದ್ದಿರಿ. ಅದೊಂದು ಮಾತನ್ನೇ ಹಿಡಿದುಕೊಂಡು ನಿನ್ನೆ ರಾತ್ರಿಯಿಂದ ತಿರುಗಿಸುತ್ತಿದ್ದೇನೆ. ಮೇಲಕ್ಕೋ ಕೆಳಕ್ಕೋ, ಕೂದಲೆಳೆಯಷ್ಟೋ ಗೇಣುದ್ದವೋ, ಗೊತ್ತಿಲ್ಲ. ಒಮ್ಮೆ ಯಾರೋ ಬಟ್ಟೆ ಹರಿದ ಹಾಗೆ ಗರಗರ ಅಂದಿತು, ಮತ್ತೆ ಹೋಯಿತು. ಎಷ್ಟು ತಿರುಗಿಸಬೇಕೆಂಬ ಅಂಕಿ ನಿಮ್ಮ ಜೇಬಿನ ಪುಸ್ತಕದಲ್ಲಿದೆ. ಅಲ್ಲಿ ನಿಮ್ಮ ದನಿ ಇಲ್ಲದೆಯೂ ಇರಬಹುದು, ನೀವು ನಿಜಕ್ಕೂ ತೂಕಡಿಸಿರಲೂಬಹುದು, ಆ ಭಯವೂ ನನಗಿದೆ. ಹಾಗೇನಾದರೂ ಆಗಿದ್ದರೆ ಇಬ್ಬರೂ ಸೇರಿ ಎದುರಿಸೋಣ. ದಮ್ಮಯ್ಯ, ಆ ಅಂಕಿಯನ್ನಾದರೂ ನಿಮ್ಮಕ್ಕನ ಫೋನಿನಲ್ಲಿ ಹೇಳಿ. ನನ್ನ ಜೊತೆ ಬೇರೆ ಏನೂ ಮಾತಾಡುವುದು ಬೇಡ.

ನಿಮ್ಮಕ್ಕನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ಮುಲಾಮು ಹಚ್ಚಿಕೊಳ್ಳಿ.

ನಿಮ್ಮ ದಾರಿ ನೋಡುತ್ತಿರುವ,
ಬಾಯಿಬಡುಕಿ

ಮರೆತ ಮಾತು: ಹನ್ನೆರಡೂ ಕಾಲು, ಬಸ್ಸಿಗೆ ಹೊತ್ತಾಯಿತು, ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಸಿಕ್ಕಿತು. ಮೊದಲು ಸಿಕ್ಕಿದ್ದು ಒಂದು ಗಂಟೆಯ ಕರೆ. ಅವತ್ತು ನಾಲ್ಕರವರೆಗೆ ಎಣಿಸಿದ್ದೀರಿ. ಮುಳ್ಳು ಮುಟ್ಟದೆ ಮುಂದಕ್ಕೆ ಹೋದೆ. ಮೂರು ಹನ್ನೆರಡಕ್ಕೆ: "ಕೇಳಿಸ್ತು, ಕೇಳಿಸ್ತು. ಟ್ಯಾಂಕರ್, ಗೋದಾಮಿಗೆ ಹೊರಡಿ. ಮೀಸೆ, ಹುಡುಗ್ರನ್ನ ಹೊರಗೆ ಎಳ್ಕೋ." ಅವರು ಮೂರು ಸಲ ಕೂಗಿದ್ದಕ್ಕೆ ಮೂರು ಸಲವೂ ಉತ್ತರ ಕೊಟ್ಟಿದ್ದೀರಿ. ಠಾಣೆಯಿಂದ ಎರಡು ಬೀದಿ ಆಚೆಯ ನಮ್ಮ ಮನೆಗೆ ಕೇಳಿಸಿದ್ದು ಅವರಿಗೆ ಯಾಕೆ ಮುಟ್ಟಲಿಲ್ಲ ಎಂದು ಸಾಹೇಬರು ಹುಡುಕಿಕೊಳ್ಳಲಿ. ನೀವು ಎಚ್ಚರವಾಗಿದ್ದಿರಿ. ಈ ಹಾಳೆಯ ಹಿಂಬದಿ ನೋಡಿ, ನಿಮ್ಮದೇ ಅಕ್ಷರ, ನಿಮ್ಮದೇ ಸಹಿ. ಸಾಹೇಬರಿಗೆ ಕೊಡು ಎಂದ ಕಾಗದ ಇದೇ, ಬೇಕೆಂದೇ ಇದರ ಮೇಲೆ ಗೀಚಿದ್ದೇನೆ, ಇನ್ನು ಯಾರಿಗೂ ಕೊಡಲು ಬರುವುದಿಲ್ಲ. ನಾಳೆ ಬೆಳಗಿನ ಬಸ್ಸು ಹತ್ತಿ. ಮಧ್ಯಾಹ್ನ ಒಂದಕ್ಕೆ ತಟ್ಟೆ ಹಾಕಿರುತ್ತೇನೆ. ಮೂರರವರೆಗೆ ಮಾತ್ರ ಎಣಿಸಿ.