ತಮ್ಮನ ನಿಲುವಂಗಿ

ಜೂನ್ 5, ಸೋಮವಾರ

ಬೆಳಿಗ್ಗೆಯಿಂದ ಮೆಷಿನ್ ಮುಂದೆ. ಯೂನಿಫಾರ್ಮ್ ಸೀಸನ್. ಕಾಲರ್ ಹೊಲಿದು ಹೊಲಿದು ಕಣ್ಣು ಮುಚ್ಚಿದರೂ ನೀಲಿ ಬಟ್ಟೆ. ನಡುನಡುವೆ ಒಳಗಿಂದ ಟಣ್ ಟಣ್ — ತಮ್ಮ ಚಮಚದಲ್ಲಿ ಸ್ಟೀಲ್ ಲೋಟ ಕುಟ್ಟೋದು. ಒಂದು ಸಲ ಕುಟ್ಟಿದರೆ ನೀರು. ಎರಡು ಸಲ ಅಂದರೆ 'ಅಕ್ಕಾ, ಬಾ'. ಗಂಟಲು ಆಪರೇಷನ್ ಆದಾಗಿನಿಂದ ಮನೆಯಲ್ಲಿ ಇದೇ ಭಾಷೆ. ಮಾತು ಕೂಡದು, ಪಿಸುಮಾತಂತೂ ಬೇಡವೇ ಬೇಡ ಅಂದಿದ್ದಾರೆ ಡಾಕ್ಟರ್. ಧ್ವನಿ ವಾಪಸ್ ಬರುತ್ತಾ ಅಂತ ಕೇಳಿದೆ. 'ನೋಡೋಣ' ಅಂದರು. ಆ ನೋಡೋಣ ಒಂದೊಂದು ಹೊಲಿಗೆಗೂ ನೆನಪಾಗುತ್ತೆ. ಪಾಸ್ಟರ್ ಅವನು, ಚರ್ಚಿನಲ್ಲಿ ಪ್ರಸಂಗ ಮಾಡೋದು ಬಿಟ್ಟರೆ ಬೇರೇನೂ ಬಾರದ ಮನುಷ್ಯ. ಒಂದು ಮೊಳೆ ಹೊಡೆಯೋಕೂ ಬರಲ್ಲ.

ನಮ್ಮದು ಪುಟ್ಟ ಸಭೆ. ನಿನ್ನೆ ಹಿರಿಯರೊಬ್ಬರು ಹೇಗೋ ಬೈಬಲ್ ಓದಿ, ತಡವರಿಸುತ್ತಾ ಪ್ರಾರ್ಥನೆ ಮುಗಿಸಿದರು. ಅರ್ಧ ಬೆಂಚು ಖಾಲಿ. ಆ ಜನ ಎಲ್ಲಿ ಹೋದರು ಅಂತ ನನಗೆ ಗೊತ್ತಿಲ್ವಾ… ಎರಡು ರಸ್ತೆ ಆಚೆ, ಟೈರ್ ಅಂಗಡಿ ಮೇಲಿನ ಹಾಲ್‌ಗೆ. ಅಲ್ಲಿ ಡ್ರಮ್ಸ್, ಕೀಬೋರ್ಡ್, ಚಪ್ಪಾಳೆ. ಅಲ್ಲಿನ ಪಾಸ್ಟರ್‌ಗೆ ನಾನಿಟ್ಟ ಹೆಸರು ಲೌಡ್‌ಸ್ಪೀಕರ್. ಮೈಕ್ ಕೆಟ್ಟರೂ ಆ ಪುಣ್ಯಾತ್ಮನಿಗೆ ಗೊತ್ತಾಗಲ್ಲ.

ಜೂನ್ 10, ಶನಿವಾರ

ಲೌಡ್‌ಸ್ಪೀಕರ್ ಮನೆಗೇ ಬಂದರು. ಉಳಿದ ಕುರಿಗಳನ್ನೂ ಎಣಿಸಿಕೊಂಡು ಹೋಗೋಕೆ ಬಂದ್ರಾ ಅನ್ನೋ ಮಾತು ನಾಲಿಗೆ ತುದಿವರೆಗೂ ಬಂತು. ನುಂಗಿಕೊಂಡು ಟೀ ಕೊಟ್ಟೆ. ಸಕ್ಕರೆ ಮಾತ್ರ ಕಮ್ಮಿ ಹಾಕಿದೆ.

ವಿಷಯ ಬೇರೇನೇ. ನಮ್ಮ ಕೆಲವು ಕುಟುಂಬಗಳು ಹೋಗಿ ಅವರ ಸಭೆಗೆ ಸೇರಿಸಿಕೊಳ್ಳಿ ಅಂದವಂತೆ. ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರೀತೀನಿ —

"ಸೇರಿಸಿಕೊಳ್ಳಲಿಲ್ಲ ಅಕ್ಕ. ನಿಮ್ಮ ಪಾಸ್ಟರ್ ಎಲ್ಲೂ ಹೋಗಿಲ್ಲ, ಅವರ ಗಂಟಲಿಗೆ ರಜೆ ಅಷ್ಟೇ ಅಂದೆ. ಹೋಗಿ ನಿಮ್ಮ ಜಾಗದಲ್ಲೇ ಕೂತ್ಕೊಳ್ಳಿ, ನಾನೇ ಅಲ್ಲಿಗೆ ಬರ್ತೀನಿ ಅಂದೆ."

ಅದಕ್ಕೋಸ್ಕರ ಅವರ ಹಾಲ್‌ನ ಆರಾಧನೆಯನ್ನ ತಡವಾಗಿ ಶುರು ಮಾಡ್ತಾರಂತೆ. ಅವರ ಕಮಿಟಿಯವರು ಮುಖ ಊದಿಸಿಕೊಂಡಿದ್ದಾರಂತೆ. ಊದಿಸಿಕೊಳ್ಳಲಿ ಬಿಡಿ, ಇಳಿಯುತ್ತೆ ಅಂದರು. ಇನ್ನೊಂದು ಮಾತು — ಪ್ರಸಂಗವನ್ನ ನನ್ನ ತಮ್ಮನೇ ಬರೆದುಕೊಡಬೇಕು, ಅವರು ಇದ್ದದ್ದು ಇದ್ದ ಹಾಗೆ ಓದ್ತಾರೆ. ಪ್ರಸಂಗ ಅವರದು, ಗಂಟಲು ಮಾತ್ರ ನಂದು ಅಂದರು. ನನ್ನ ತಮ್ಮ, ಮಾತಿನ ಬದಲು ಇಟ್ಟುಕೊಂಡಿರೋ ಸ್ಲೇಟಿನಲ್ಲಿ 'ಆಗಲಿ' ಅಂತ ಬರೆದು ತೋರಿಸಿದ. ಎರಡನೇ ಲೋಟ ಟೀಗೆ ಸಕ್ಕರೆ ಸರಿಯಾಗಿ ಹಾಕಿದೆ.

ಎದ್ದು ಹೊರಡುವಾಗ ತೊಡಕು. ನಮ್ಮಲ್ಲಿ ಬಿಳಿ ನಿಲುವಂಗಿ ಇಲ್ಲದೆ ಯಾರೂ ಪುಲ್ಪಿಟ್ ಹತ್ತಿ ಪ್ರಸಂಗ ಮಾಡೋ ಹಾಗಿಲ್ಲ. ಅವರಲ್ಲಿ ಶರ್ಟು ಪ್ಯಾಂಟೇ. ತಮ್ಮನದನ್ನ ಹಾಕಿ ನೋಡಿದರು. ತಮ್ಮ ಕುಳ್ಳ, ಇವರು ದೀಪದ ಕಂಬ. ಮೊಣಕಾಲಿಗೆ ನಿಂತಿತು. ಅಂಚಿನಲ್ಲಿ ಮಡಚಿ ಹೊಲಿದ ಬಟ್ಟೆ ಬೇಕಾದಷ್ಟಿದೆ, ನಾನೇ ಬಿಟ್ಟದ್ದು. ಬಿಚ್ಚು ಅಂತ ತಮ್ಮ ಸನ್ನೆ ಮಾಡಿದ. ಟೈಮಿಲ್ಲ ಅಂದೆ.

ಟೈಮಿತ್ತು. ಕೈ ಬರಲಿಲ್ಲ. ಬಿಚ್ಚಿದರೆ ಅದು ಇನ್ನು ತಮ್ಮನದಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ.

ಜೂನ್ 11, ಭಾನುವಾರ

ನಕ್ಕು ನಕ್ಕು ಪಕ್ಕೆ ಇನ್ನೂ ನೋಯ್ತಿದೆ. ನಗಬಾರದ ಜಾಗದಲ್ಲಿ ನಕ್ಕಿದ್ದಕ್ಕೆ ದೇವರು ಕ್ಷಮಿಸಲಿ.

ಲೌಡ್‌ಸ್ಪೀಕರ್ ಮೊಣಕಾಲು ನಿಲುವಂಗಿಯಲ್ಲೇ ಗಂಭೀರವಾಗಿ ಹತ್ತಿದರು. ಮಕ್ಕಳು ಬಾಯಿ ಮುಚ್ಚಿಕೊಂಡು ಕುಲುಕುಲು. ಹೋಗಿದ್ದ ಕುಟುಂಬಗಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದವು. ಪ್ರಸಂಗ ಶುರು. ಚೆನ್ನಾಗೇ ಹೋಗ್ತಿತ್ತು.

ತಮ್ಮನಿಗೊಂದು ಅಭ್ಯಾಸ. ಪ್ರಸಂಗದ ನಡುವೆ ತನಗೆ ತಾನೇ ಸೂಚನೆ ಬರೆದುಕೊಳ್ಳೋದು. ಇಷ್ಟು ವರ್ಷದ ರೂಢಿ, ಈ ಸಲವೂ ಬರೆದಿದ್ದಾನೆ. ಇವರೋ, ಕೊಟ್ಟ ಮಾತಿಗೆ ತಪ್ಪದೆ ಇದ್ದದ್ದು ಇದ್ದ ಹಾಗೆ ಓದಿದರು. "ಕರ್ತನು ನಮ್ಮ ಬಳಿಗೆ ಸದ್ದಿಲ್ಲದೆ ಬರುತ್ತಾನೆ. ಇಲ್ಲಿ ದನಿ ತಗ್ಗಿಸು" — ಕಿಟಕಿ ಗಾಜು ಅದುರೋ ಹಾಗೆ. ಜನ ಮುಖ ಮುಖ ನೋಡ್ಕೊಂಡರು. ಇದೂ ದೇವರ ಮಾತೇ ಇರಬೇಕು ಅಂತ ಯಾರೋ ಮೆಲ್ಲಗೆ ಆಮೆನ್ ಅಂದರು. ಆಮೇಲೆ ಬಂತು — "ಮೂರನೇ ಬೆಂಚಿನ ಕಡೆ ನೋಡಬೇಡ, ಅಕ್ಕ ಆಕಳಿಸುತ್ತಿರುತ್ತಾಳೆ."

ಮೂರನೇ ಬೆಂಚಿನಲ್ಲಿ ನಾನು. ನಿಜವಾಗಿಯೂ ಆಕಳಿಸ್ತಾ ಇದ್ದೆ.

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಲೌಡ್‌ಸ್ಪೀಕರ್‌ಗೆ ಆಗ ಹೊಳೆಯಿತು, ಮುಖ ಕೆಂಪಾಯಿತು. ನನ್ನ ತಮ್ಮ ಮುಂದಿನ ಸಾಲಿನಲ್ಲಿ ಸದ್ದಿಲ್ಲದೆ ನಗ್ತಾ ಇದ್ದ, ಭುಜ ಕುಣೀತಿತ್ತು, ಕಣ್ಣಲ್ಲಿ ನೀರು. ಆಪರೇಷನ್ ಆದಮೇಲೆ ಅವನು ನಕ್ಕಿದ್ದು ನೋಡೇ ಇರಲಿಲ್ಲ ನಾನು. ಹಿಂದಿನ ಬೆಂಚಿನವರೂ ತಲೆಯೆತ್ತಿ ನಕ್ಕರು. ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ತಮ್ಮನ ಕೈ ಹಿಡ್ಕೊಂಡರು. ಅವರನ್ನ ಬೈಬೇಕು ಅಂತ ನಾನು ಇಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯ್ತೋ.

ಸಂಜೆ ಅಂಚು ಬಿಚ್ಚಿದೆ. ಒಂದೊಂದೇ ಹೊಲಿಗೆ. ಸ್ವಲ್ಪ ಅತ್ತೆ. ಮಡಿಕೆಯೊಳಗಿದ್ದ ಬಟ್ಟೆ ಇನ್ನೂ ಹೊಸದರ ಹಾಗೇ ಬೆಳ್ಳಗಿತ್ತು.

ಜುಲೈ 5, ಬುಧವಾರ

ಬರೆಯೋಕೆ ಪುರುಸೊತ್ತೇ ಇಲ್ಲ. ಬುಧವಾರ ಆಸ್ಪತ್ರೆ ವಾರ್ಡಿಗೆ ಹೋಗಿ ರೋಗಿಗಳ ಹತ್ತಿರ ಕೂತು ಪ್ರಾರ್ಥನೆ ಮಾಡಿ ಬರೋದು ತಮ್ಮನ ಕೆಲಸವಾಗಿತ್ತು. ಈಗ ನಾನು, ಜೊತೆಗೆ ಲೌಡ್‌ಸ್ಪೀಕರ್ ಹೆಂಡತಿ. ಆಕೆ ಮೃದು, ಮಾತೇ ಕಮ್ಮಿ. ಆ ಮನೆಯಲ್ಲಿ ಮಾತಾಡೋಕೆ ಸಂದು ಸಿಗಬೇಕಲ್ಲ, ಪಾಪ. ಆದರೆ ರೋಗಿ ಪಕ್ಕ ಕೂತರೆ ಆಕೆಯಷ್ಟು ತಾಳ್ಮೆಯಿಂದ ಕೇಳೋರನ್ನ ನಾನು ಕಂಡಿಲ್ಲ.

ಮೂಲೆ ಮಂಚದಲ್ಲಿ ಕಾಲು ಮುರಿದ ಲಾರಿ ಡ್ರೈವರ್. ನೋಡೋಕೆ ಯಾರೂ ಬರಲ್ಲ. ಇದ್ದದ್ದು ಒಂದೇ ಸ್ಟೂಲ್, ಅರ್ಧರ್ಧ ಹಂಚಿಕೊಂಡು ಕೂತೆವು. ನೀವು ಯಾವ ಸಭೆಯವರು ಅಂತ ಕೇಳಿದ. ಆಕೆ ನನ್ನ ತೋರಿಸಿ ಇವರದು ಅಂದಳು, ನಾನು ಆಕೆಯನ್ನ ತೋರಿಸಿ ಇವರದು ಅಂದೆ. ಒಂದೇ ಸಲ. ಬೇರೆ ಬೇರೆ ಸಭೆ ಅಂತ ಗೊತ್ತಾದ ಮೇಲೆ ಡ್ರೈವರ್ ತಲೆಯೆತ್ತಿ ನಮ್ಮಿಬ್ಬರನ್ನೂ ಸ್ಟೂಲನ್ನೂ ನೋಡಿದ.

"ಒಂದೇ ರೂಟಿನ ಎರಡು ಬಸ್ಸಿನವರು ಪ್ಯಾಸೆಂಜರ್‌ಗೆ ಹೊಡೆದಾಡೋದು ದಿನಾ ನೋಡಿದ್ದೀನಿ. ನೀವು ಸ್ಟೂಲ್ ಹಂಚಿಕೊಂಡು ಕೂತಿದ್ದೀರ. ಆ ಯೇಸುವಿನ ವಿಷಯ ಹೇಳಿ, ಕೇಳ್ತೀನಿ."

ಆಕೆ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಇದು ನನ್ನ ಪಾಲಿಗೆ ಸಣ್ಣ ವಿಷಯವಲ್ಲ.

ಜುಲೈ 9, ಭಾನುವಾರ

ಇವತ್ತು ಗೊತ್ತಾಯಿತು. ನಮ್ಮಲ್ಲಿ ಓದಿದ ಪ್ರಸಂಗವನ್ನೇ ಲೌಡ್‌ಸ್ಪೀಕರ್ ತಮ್ಮ ಹಾಲ್‌ನಲ್ಲೂ ಓದ್ತಾರಂತೆ, ಯಾರು ಬರೆದದ್ದು ಅಂತ ಹೇಳಿಯೇ. ತಮ್ಮನನ್ನ ಕರ್ಕೊಂಡು ಹೋದೆ. ಕೆಳಗೆ ಟೈರಿನ ವಾಸನೆ, ಮೇಲೆ ಡ್ರಮ್ಸ್. ಒಂದೊಂದು ಸಾಲಿಗೂ ಆ ಜನ ಆಮೆನ್ ಅಂತ ಕೂಗಿದರು. ತಮ್ಮ ಬೆಪ್ಪಾಗಿ ಕೂತಿದ್ದ. ನಮ್ಮವರು ಇಷ್ಟು ವರ್ಷದಲ್ಲಿ ಒಂದು ಸಲವೂ ಹೀಗೆ ಕೂಗಿಲ್ಲ. ನಾನೂ ಕೂಗಿದೆ, ಮೊದಲು ಸ್ವಲ್ಪ ನಾಚಿಕೆಯಾಯಿತು. ಚಪ್ಪಾಳೆ ಮಾತ್ರ ತಾಳ ತಪ್ಪಿತು.

ಆಗಸ್ಟ್ 4, ಶುಕ್ರವಾರ

ಇನ್ನು ಮಾತಾಡಬಹುದು ಅಂದರು ಡಾಕ್ಟರ್. ತಮ್ಮ ಪ್ರಯತ್ನ ಪಟ್ಟ. ಬರೀ ಗಾಳಿ. ಮತ್ತೆ ಪ್ರಯತ್ನ — ಗಾಳಿ. ಬಲವಂತ ಬೇಡ, ನೋಡೋಣ ಅಂದರು. ಮತ್ತೆ ಅದೇ ನೋಡೋಣ.

ಮನೆಗೆ ಬಂದು ಸ್ಲೇಟಿನಲ್ಲಿ ಬರೆದ — ಧ್ವನಿ ಬರದಿದ್ದರೂ ಸರಿ ಅಕ್ಕ, ಪ್ರಸಂಗ ನಿಂತಿಲ್ಲವಲ್ಲ. ಅವನಿಗೆ ಸರಿ. ನನಗೆ ಸರಿಯಿಲ್ಲ. ದೇವರ ಮೇಲೆ ಸಿಟ್ಟು ಬಂತು, ಬಾಯಿಬಿಟ್ಟೇ ಹೇಳಿದೆ. ಲೌಡ್‌ಸ್ಪೀಕರ್ ಬಂದು ಎಲ್ಲ ಕೇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ, ನಂಬ್ತೀಯಾ. ತಮ್ಮನ ಪಕ್ಕ ಕತ್ತಲಾಗುವವರೆಗೆ ಸುಮ್ಮನೆ ಕೂತು ಹೋದರು.

ಆಗಸ್ಟ್ 12, ಶನಿವಾರ, ಸಂಜೆ

ನಾಳೆ ದೊಡ್ಡ ದಿನ. ಡ್ರೈವರ್ ಊರುಗೋಲು ಹಿಡಿದು ಮೊದಲ ಸಲ ಆರಾಧನೆಗೆ ಬರ್ತಾನೆ. ಯಾವ ಸಭೆಗೆ? ನಿಮ್ಮಲ್ಲಿಗೇ ಬರಲಿ ಅಂತ ನಾನು, ಬೇಡ ನಿಮ್ಮಲ್ಲಿಗೇ ಅಂತ ಲೌಡ್‌ಸ್ಪೀಕರ್ ಹೆಂಡತಿ. ಕೊನೆಗೆ ಎರಡೂ ಸಭೆ ಒಟ್ಟಿಗೆ, ನಮ್ಮ ಅಂಗಳದಲ್ಲಿ. ಅವರ ಡ್ರಮ್ಸ್ ಆಗಲೇ ಬಂದಿದೆ. ಮೆಲ್ಲಗೆ ಬಾರಿಸ್ತಾರಂತೆ, ನೋಡೋಣ… ನನಗೂ ಆ ಮಾತು ಅಂಟಿಕೊಂಡಿದೆ.

ನಿಲುವಂಗಿ ಒಂದೇ, ಪಾಸ್ಟರ್‌ಗಳು ಇಬ್ಬರು. ಯಾರು ಹಾಕ್ಕೋತೀರ ಅಂದರೆ ಇವನು ಅವರನ್ನ ತೋರಿಸ್ತಾನೆ, ಅವರು ಇವನನ್ನ. ಸಾಕಾಗಿ, ಅಂಚಿಗೆ ಸುತ್ತಲೂ ಟಿಚ್ ಬಟನ್ ಹಾಕ್ತಾ ಇದ್ದೀನಿ. ಒತ್ತಿದರೆ ಅಂಚು ಮಡಚಿಕೊಂಡು ಕುಳ್ಳನಿಗೆ, ಬಿಚ್ಚಿದರೆ ಇಳಿದು ಕಂಬಕ್ಕೆ. ಇಷ್ಟು ಸುಲಭದ ಕೆಲಸ ಮೊದಲೇ ಯಾಕೆ ಹೊಳೆಯಲಿಲ್ಲವೋ. ಮನಸ್ಸು ಹಗುರಾಗಿದೆ, ಸುಳ್ಳು ಯಾಕೆ ಹೇಳಲಿ. ಇನ್ನೊಂದೇ ಬಟನ್. ಬೆರಳು ನೋಯ್ತು ಅಂತ ಸೂಜಿ ಇಟ್ಟು ಇದನ್ನ ಬರೀತಿದ್ದೀನಿ. ಒಳಗೆ ತಮ್ಮನ ಸದ್ದಿಲ್ಲ, ನಾಳೆಯ ಪ್ರಸಂಗ ಬರೀತಿರಬೇಕು. ಇಲ್ಲ, ಏನೋ ಕರೀತಿದ್ದಾನೆ. ಇರು, ಈ ಸಾಲು ಮುಗಿಸಿ ಬರ್ತೀನಿ. ಎರಡು ಸಲ ಆಯ್ತು. ಲೋಟ ಅಷ್ಟು ಕುಟ್ಟಿದರೆ ತಗ್ಗು ಬೀಳ… 

ಲೋಟ ಇಲ್ಲೇ ಇದೆಯಲ್ಲ. ನನ್ನ ಮುಂದೆ. ಅದರಲ್ಲೇ ಅಲ್ವಾ ನಾನು ಈಗ ಟೀ ಕುಡಿದದ್ದು. ಹಾಗಾದರೆ 'ಅಕ್ಕಾ' ಅಂತ ಕರೆದದ್ದು —